ಇಪ್ಪತ್ತಾರು ಇಂಚಿನ ಪ್ಯಾಂಟು

ತೀರ್ಥಹಳ್ಳಿಯ ಪೊಲೀಸ್ ಠಾಣೆಯ ಮೆಟ್ಟಿಲನ್ನು ವರದಾ ಹತ್ತಿದ್ದು ತನ್ನ ಅರವತ್ತೆಂಟು ವರ್ಷಗಳಲ್ಲಿ ಅದೇ ಮೊದಲು. ಮೇಜಿನ ಹಿಂದೆ ಕೂತಿದ್ದ ಹುಡುಗಿಯ ಎದೆಪಟ್ಟಿಯಲ್ಲಿ ಶ್ಯಾಮಲಾ ಎಂದು ಬರೆದಿತ್ತು. ಅವಳು ವರದಾಳ ಮುಖ ನೋಡಿದ್ದೇ ಎದ್ದು, ತನ್ನ ಕುರ್ಚಿಯನ್ನೇ ಫ್ಯಾನಿನ ಕೆಳಗೆ ಎಳೆದು ಹಾಕಿದಳು. ಮೊದಲು ನೀರು ಬಂತು, ಕಾಗದ ಪೆನ್ನು ಆಮೇಲೆ ಬಂದವು.

ಹೆಸರು ವಾಸಪ್ಪ. ವಯಸ್ಸು ಎಪ್ಪತ್ತನಾಲ್ಕು. ನಿವೃತ್ತ ಪೋಸ್ಟ್‌ಮಾಸ್ತರು. ಮರೆವಿನ ಕಾಯಿಲೆ ಶುರುವಾಗಿ ಮೂರು ವರ್ಷ. ಬೆಳಿಗ್ಗೆ ಹತ್ತು ಗಂಟೆಯಿಂದ ಕಾಣುತ್ತಿಲ್ಲ.

"ಮನೆಯಿಂದ ಹೋಗುವಾಗ ಏನು ಹಾಕಿದ್ರು ಅಮ್ಮ?"

"ಬಿಳಿ ಪಂಚೆ, ತಿಳಿನೀಲಿ ಅಂಗಿ, ಹವಾಯಿ ಚಪ್ಪಲಿ."

ವರದಾ ಒಂದು ಕ್ಷಣವೂ ತಡವರಿಸಲಿಲ್ಲ. ನಿವೃತ್ತರಾದ ಮಾರನೆಯ ದಿನದಿಂದ ಗಂಡನ ಸಮವಸ್ತ್ರವೇ ಅದು. ನೀಲಿ ಅಂಗಿಗಳು ನಾಲ್ಕಿದ್ದವು, ನಾಲ್ಕೂ ಒಂದೇ ಬಣ್ಣ. ಈಚೆಗಂತೂ ರಾತ್ರಿ ಮಲಗುವ ಮುಂಚೆ ಮರುದಿನದ ಬಟ್ಟೆಯನ್ನು ಮಡಚಿ ಮಂಚದ ಪಕ್ಕದ ಸ್ಟೂಲಿನ ಮೇಲೆ ಇಡುವುದು ಅವಳ ಕೆಲಸ, ಬೆಳಿಗ್ಗೆ ಸ್ನಾನ ಮಾಡಿ ಅದನ್ನು ಹಾಕಿಕೊಳ್ಳುವುದು ಅವರ ಕೆಲಸ. ಎಷ್ಟು ಮರೆತರೂ ಅದೊಂದನ್ನು ಅವರು ಮರೆತಿರಲಿಲ್ಲ.

ಶ್ಯಾಮಲಾ ಬರೆದುಕೊಂಡಳು. ವಾಸಪ್ಪನ ಫೋಟೊವನ್ನು ತನ್ನ ಮೊಬೈಲಿಗೆ ಹಾಕಿಸಿಕೊಂಡು, ಅದರ ಕೆಳಗೆ 'ಬಿಳಿ ಪಂಚೆ, ನೀಲಿ ಅಂಗಿ' ಎಂದು ಬರೆದು ಆಟೊದವರಿಗೆ, ಬಸ್ ಏಜೆಂಟರಿಗೆ, ಪೇಟೆಯ ಅಂಗಡಿಯವರಿಗೆಲ್ಲ ಕಳಿಸಿದಳು. "ಊರು ಸಣ್ಣದು ಅಮ್ಮ, ಯಾರಾದ್ರೂ ನೋಡೇ ನೋಡಿರ್ತಾರೆ" ಎಂದಳು. ಆಗ ಹನ್ನೊಂದೂವರೆ.

ಮಗ ನಿರಂಜನ ತನ್ನ ಎಲೆಕ್ಟ್ರಿಕಲ್ ಅಂಗಡಿಯ ಬಾಗಿಲು ಎಳೆದು ಸ್ಕೂಟರಿನಲ್ಲಿ ತುಂಗೆಯ ದಂಡೆಗೆ ಹೋಗಿದ್ದ. ಅವನು ಬೇರೆಲ್ಲ ಬಿಟ್ಟು ಮೊದಲು ಹೊಳೆಯ ಕಡೆಗೇ ಹೋದದ್ದು ಯಾಕೆಂದು ವರದಾಳಿಗೆ ಗೊತ್ತಿತ್ತು. ಹೋದ ವರ್ಷ ಆಷಾಢದಲ್ಲಿ ವಾಸಪ್ಪ ಒಬ್ಬರೇ ಹೋಗಿ, ಕೆಂಪು ನೀರು ಹರಿಯುವ ಸ್ನಾನಘಟ್ಟದ ಮೂರನೇ ಮೆಟ್ಟಿಲಿನ ಮೇಲೆ ನಿಂತಿದ್ದರು. ಯಾರೋ ಪುಣ್ಯಾತ್ಮರು ತೋಳು ಹಿಡಿದು ಕರೆತಂದಿದ್ದರು. ಸೊಸೆ ಸುಪ್ರಿಯಾ ಶಾಲೆಯ ತರಬೇತಿಗೆಂದು ಶಿವಮೊಗ್ಗಕ್ಕೆ ಹೋಗಿದ್ದಳು. ಹಾಗಾಗಿ ಈ ಹೊತ್ತು ಅವರನ್ನು ನೋಡಿಕೊಳ್ಳಬೇಕಾಗಿದ್ದವಳು ವರದಾ ಒಬ್ಬಳೇ.

ಮನೆಗೆ ಬಂದು ಗೇಟಿನ ಹತ್ತಿರವೇ ನಿಂತಳು. ಒಳಗೆ ಹೋದರೆ ಅಷ್ಟರಲ್ಲಿ ಅವರು ರಸ್ತೆಯಲ್ಲಿ ಹಾದುಹೋಗಿಬಿಟ್ಟರೆ ಎಂಬ ಭಯ. ನಿಂತಲ್ಲೇ ಬೆಳಗನ್ನು ಮತ್ತೆ ಮತ್ತೆ ತಿರುಗಿಸಿ ನೋಡಿದಳು. ಎಂಟೂವರೆಗೆ ದೋಸೆ ತಿಂದರು. ಎರಡನೆಯ ದೋಸೆಯ ತುದಿಯನ್ನು ಯಾವತ್ತಿನಂತೆ ಕಾಗೆಗೆ ಇಟ್ಟರು. ಆಮೇಲೆ ಸ್ನಾನಕ್ಕೆ ಹೋದರು. ಅವಳು ಹಿತ್ತಿಲಿಗೆ ಬಟ್ಟೆ ಒಗೆಯಲು ಹೋದಳು. ಒಗೆಯುತ್ತಿದ್ದಾಗ ಮನೆಯ ಮುಂದಿನಿಂದ ಸರ್ ಸರ್ ಎಂದು ಏನೋ ಎಳೆಯುವ ಸದ್ದು ಕೇಳಿತ್ತು. ಪಕ್ಕದ ಮನೆಯವರು ಇವತ್ತು ಇಷ್ಟು ತಡವಾಗಿ ಅಂಗಳ ಗುಡಿಸುತ್ತಿದ್ದಾರಲ್ಲ ಎಂದುಕೊಂಡಿದ್ದಳು. ಬಟ್ಟೆ ಹರವಿ ಒಳಗೆ ಬಂದಾಗ ಮುಂಬಾಗಿಲು ತೆರೆದಿತ್ತು.

ನಿರಂಜನ ಒಂದು ಗಂಟೆಗೆ ಬಂದ. ಪ್ಯಾಂಟು ಮೊಣಕಾಲಿನವರೆಗೆ ಒದ್ದೆಯಾಗಿತ್ತು.

"ಅಲ್ಲಿ ಇಲ್ಲ" ಎಂದ. ಆ ಎರಡು ಮಾತಿನಿಂದ ಸಮಾಧಾನ ಪಡಬೇಕೋ ಬೇಡವೋ ಎಂದು ಇಬ್ಬರಿಗೂ ತಿಳಿಯಲಿಲ್ಲ.

ಅವನ ಹಿಂದೆಯೇ ಆಟೊ ಬಂದು ನಿಂತಿತು. ಅದರಿಂದ ಇಳಿದವಳನ್ನು ನೋಡಿ ವರದಾ ಗೇಟಿನ ಸರಳು ಹಿಡಿದುಕೊಂಡಳು. ತಿಳಿಹಸಿರು ನೈಲಾನ್ ಸೀರೆ, ಅದರ ತುಂಬ ತಟ್ಟೆಯಗಲದ ಕಿತ್ತಳೆ ಹೂಗಳು, ಬುಗ್ಗೆ ತೋಳಿನ ರವಿಕೆ, ರಿಬ್ಬನ್ ಕಟ್ಟಿದ ಎರಡು ಜಡೆ. ಕಾಲೇಜಿಗೆ ಹೋಗುತ್ತಿದ್ದ ತಾನೇ ಆಟೊದಿಂದ ಇಳಿದು ಬಂದಂತಿತ್ತು. ಅದು ಮೊಮ್ಮಗಳು ಲಿಖಿತಾ. ಕಣ್ಣಿನ ಕಾಡಿಗೆಯೆಲ್ಲ ಕೆನ್ನೆಗೆ ಇಳಿದಿತ್ತು.

"ಅಜ್ಜಿ, ಅಜ್ಜ ಸಿಕ್ಕಿದ್ರಾ?"

ಈ ಸೀರೆಯ ಕಥೆ ಶುರುವಾದದ್ದು ಗುರುವಾರ ಸಂಜೆ. ಶನಿವಾರ ಕಾಲೇಜಿನಲ್ಲಿ ರೆಟ್ರೋ ಡೇ, ಎಲ್ಲರೂ ಎಪ್ಪತ್ತರ ದಶಕದವರ ಹಾಗೆ ಬರಬೇಕಂತೆ ಎಂದು ಲಿಖಿತಾ ಹೇಳಿದ್ದಳು.

"ಎಪ್ಪತ್ತರ ದಶಕದವರು ಅಂದ್ರೆ ಯಾರೇ? ನಾವೇ ಅಲ್ವಾ" ಎಂದು ನಗುತ್ತ ವರದಾ ಅಟ್ಟದ ಮೇಲಿನ ಟ್ರಂಕನ್ನು ಇಳಿಸಿದ್ದಳು. ನುಸಿಗುಳಿಗೆಯ ವಾಸನೆಯ ಜೊತೆಗೆ ಸಾಗರದ ಕಾಲೇಜಿನ ಮೂರು ವರ್ಷಗಳೂ ಹೊರಗೆ ಬಂದಿದ್ದವು. ಆಗ ಈ ನೈಲಾನ್ ಸೀರೆಯೆಂದರೆ ಹುಡುಗಿಯರಿಗೆ ಪ್ರಾಣ. ಮಳೆಗಾಲದಲ್ಲಿ ಹತ್ತಿಯ ಸೀರೆ ಮೂರು ದಿನ ಒಲೆಯ ಮೇಲೆ ತೂಗಿದರೂ ಒಣಗದೆ ಹೊಗೆ ನಾತ ಹೊಡೆಯುತ್ತಿತ್ತು. ನೈಲಾನಾದರೆ ಬಸ್ ಸ್ಟ್ಯಾಂಡಿನಲ್ಲಿ ನೆನೆದದ್ದು ಕಾಲೇಜು ಮುಟ್ಟುವುದರೊಳಗೆ ಒಣಗಿರುತ್ತಿತ್ತು. ಅದನ್ನು ಉಟ್ಟುಕೊಂಡು ಒಲೆಯ ಹತ್ತಿರ ಬರಬೇಡ, ಕಿಡಿ ತಾಗಿದರೆ ಮೈಗೆ ಅಂಟಿಕೊಳ್ಳುತ್ತದೆ ಎಂದು ಅಮ್ಮ ಗದರುತ್ತಿದ್ದರು. ಹಾಗಾಗಿ ಅಡುಗೆಮನೆ ಕೆಲಸ ತಪ್ಪಿಸಿಕೊಳ್ಳಬೇಕಾದ ದಿನ ವರದಾ ಬೇಕೆಂದೇ ನೈಲಾನ್ ಉಡುತ್ತಿದ್ದಳು. ಎತ್ತರದ ಹಿಮ್ಮಡಿಯ ಚಪ್ಪಲಿ ಹಾಕಿದವರು ಸಾಗರದ ಏರುರಸ್ತೆಯಲ್ಲಿ ಕೆಸರು ದಾಟುವ ಕೋಳಿಯ ಹಾಗೆ ಕಾಲೆತ್ತಿ ನಡೆಯುತ್ತಿದ್ದರು. ಲಿಖಿತಾ ಬಿದ್ದು ಬಿದ್ದು ನಕ್ಕಿದ್ದಳು.

ಟ್ರಂಕಿನ ತಳದಲ್ಲಿ ವಾಸಪ್ಪನ ಬೆಲ್‌ಬಾಟಂ ಇತ್ತು. ಕಾಫಿಪುಡಿ ಬಣ್ಣದ ಟೆರಿಕಾಟ್, ಕೆಳಗೆ ಇಪ್ಪತ್ತಾರು ಇಂಚು ಅಗಲ. ಸಾಗರದ ಟೈಲರ್ ಜಟ್ಟಿಂಗಪ್ಪ ಹೊಲಿದದ್ದು. ಅಂಥ ಪ್ಯಾಂಟಿನ ಅಂಚು ನೆಲಕ್ಕೆ ಉಜ್ಜಿ ತಿಂಗಳೊಳಗೆ ಹರಿಯುತ್ತದೆಂದು, ಆಗಿನ ಟೈಲರುಗಳು ಕಾಲಿನ ಸುತ್ತ ಹಿತ್ತಾಳೆಯ ಜಿಪ್ಪನ್ನು ಹೊಲಿದುಬಿಡುತ್ತಿದ್ದರು. ಪ್ಯಾಂಟಿನ ಜೊತೆಗೆ ನಾಯಿಯ ಕಿವಿಯ ಹಾಗೆ ಜೋತುಬಿದ್ದ ಕಾಲರಿನ ಹಳದಿ ಅಂಗಿ. ಹಳೇ ಪೇಪರಿನಲ್ಲಿ ಸುತ್ತಿದ ಎತ್ತರದ ಶೂ. ವಾಸಪ್ಪ ಮಂಚದ ಮೇಲೆ ಕೂತು ಪ್ಯಾಂಟನ್ನು ತೊಡೆಯ ಮೇಲೆ ಹಾಕಿಕೊಂಡು, ಜಿಪ್ಪಿನ ಹಲ್ಲುಗಳ ಮೇಲೆ ಹೆಬ್ಬೆರಳು ಓಡಿಸುತ್ತಿದ್ದರು. ಶೂ ಕೈಗೆ ತೆಗೆದುಕೊಂಡರೆ ಅದರ ಅಟ್ಟೆ ಹಳೇ ರೊಟ್ಟಿಯ ಹಾಗೆ ಪುಡಿಪುಡಿಯಾಗಿ ಉದುರಿತು. ಲಿಖಿತಾ ಅದನ್ನು ಕಸದ ಬುಟ್ಟಿಗೆ ಹಾಕಿದಾಗ ಅವರು ಬಹಳ ಹೊತ್ತು ಬುಟ್ಟಿಯನ್ನೇ ನೋಡುತ್ತಿದ್ದರು. ಪ್ಯಾಂಟನ್ನೂ ಅಂಗಿಯನ್ನೂ ತನ್ನ ಕ್ಲಾಸಿನ ಹರ್ಷನಿಗೆ ಕೊಡುತ್ತೇನೆಂದು ಅವಳು ಬೇರೆ ತೆಗೆದಿಟ್ಟಿದ್ದಳು.

ಈಗ ಗೇಟಿನ ಮುಂದೆ ನಿಂತ ಮೊಮ್ಮಗಳ ಕೈಯಲ್ಲಿ ಸಣ್ಣ ಪರ್ಸು ಬಿಟ್ಟರೆ ಏನೂ ಇರಲಿಲ್ಲ. ವರದಾಳಿಗೆ ಯಾಕೋ ಕೇಳಬೇಕೆನ್ನಿಸಿತು.

"ಅಜ್ಜನ ಪ್ಯಾಂಟು ಹರ್ಷನ ಹತ್ರ ಇದೆಯಾ?"

"ಇಲ್ಲ ಅಜ್ಜಿ. ಅವನಿಗೆ ಅವರ ಮಾವಂದೇ ಸಿಕ್ತು. ನಾನು ತಗೊಂಡೇ ಹೋಗಿಲ್ಲ. ಟ್ರಂಕಿನ ಮೇಲೇ ಇಟ್ಟಿದ್ನಲ್ಲ."

ವರದಾ ಓಡಿದಂತೆ ಒಳಗೆ ಹೋದಳು. ಸ್ಟೂಲಿನ ಮೇಲೆ ಬಿಳಿ ಪಂಚೆ, ತಿಳಿನೀಲಿ ಅಂಗಿ, ಅವಳು ರಾತ್ರಿ ಮಡಚಿಟ್ಟ ಮಡಿಕೆ ಮುರಿಯದೆ ಹಾಗೇ ಇದ್ದವು. ಟ್ರಂಕಿನ ಮೇಲೆ ಏನೂ ಇರಲಿಲ್ಲ.

ಸ್ಟೂಲನ್ನು ಹಿಡಿದುಕೊಂಡು ಅಲ್ಲೇ ಕುಳಿತಳು. ಬೆಳಿಗ್ಗೆಯಿಂದ ಇಡೀ ತೀರ್ಥಹಳ್ಳಿ ಹುಡುಕುತ್ತಿದ್ದುದು ಈ ಸ್ಟೂಲಿನ ಮೇಲಿನ ಬಟ್ಟೆಯನ್ನು. ಪಂಚೆ ಉಟ್ಟವರನ್ನು ನೋಡುತ್ತಿದ್ದವರ ಕಣ್ಣೆದುರೇ ವಾಸಪ್ಪ ನಡೆದುಹೋಗಿದ್ದರೂ ಯಾರೂ ತಡೆದಿರಲಾರರು. ಸರ್ ಸರ್ ಎಂದು ಕೇಳಿದ್ದು ಕಡ್ಡಿ ಪೊರಕೆಯ ಸದ್ದಲ್ಲ, ಸಿಮೆಂಟಿನ ಅಂಗಳದ ಮೇಲೆ ಜಿಪ್ಪು ಎಳೆದ ಸದ್ದು. ಗಂಡ ಅಂಗಳ ದಾಟಿ ಹೋದದ್ದು ಅವಳ ಕಿವಿಗೆ ಬಿದ್ದಿತ್ತು, ಆದರೂ ಅವಳು ತಲೆಯೆತ್ತಿ ನೋಡಿರಲಿಲ್ಲ.

ಶ್ಯಾಮಲಾಳಿಗೆ ಫೋನ್ ಮಾಡಿದಾಗ ನಾಲಿಗೆ ತೊಡರಿತು. "ತಪ್ಪು ಹೇಳಿಬಿಟ್ಟೆ ಮಗಾ. ಅವರು ಪಂಚೆ ಉಟ್ಟಿಲ್ಲ. ಬೆಲ್‌ಬಾಟಂ ಹಾಕ್ಕೊಂಡು ಹೋಗಿದಾರೆ."

ಆ ಕಡೆಯಿಂದ ನಗು ಬರಬಹುದೆಂದು ಕಾದಳು. ಬರಲಿಲ್ಲ.

"ಅಂದ್ರೆ ಕೆಳಗೆ ಅಗಲ ಇರೋದು ಅಲ್ವಾ ಅಮ್ಮ? ಎಷ್ಟು ಅಗಲ ಅಂತ ಹೇಳಿ, ಹಾಗೇ ಬರೀತೀನಿ."

"ಇಪ್ಪತ್ತಾರು ಇಂಚು. ಕಾಫಿಪುಡಿ ಬಣ್ಣ. ಅಂಚಿಗೆ ಹಿತ್ತಾಳೆ ಜಿಪ್ಪು. ಅಂಗಿ ಹಳದಿ, ಕಾಲರು ಉದ್ದ." ನಲವತ್ತೇಳು ವರ್ಷದ ಹಿಂದಿನದು ಇಂಚು ತಪ್ಪದೆ ಬಾಯಿಗೆ ಬಂತು. ಇವತ್ತಿನ ಬೆಳಿಗ್ಗೆಯದು ಬಂದಿರಲಿಲ್ಲ.

ಶೂ ಕಸಕ್ಕೆ ಹೋಗಿದೆ, ಹಾಗಾದರೆ ಕಾಲಿಗೆ ಹವಾಯಿಯೇ ಎಂದು ಆಮೇಲೆ ಹೊಳೆಯಿತು. ಆ ಪ್ಯಾಂಟಿನ ಉದ್ದ ಬೇರೆ ಯಾರಿಗೂ ಗೊತ್ತಿರಲಿಲ್ಲ, ಅವಳಿಗೆ ಗೊತ್ತಿತ್ತು.

ಸಾವಿರದ ಒಂಬೈನೂರ ಎಪ್ಪತ್ತೆಂಟರ ಮಾಘ. ಹೊಸನಗರದ ಕಡೆಯ ಸಂಪಿಗೆಕೊಪ್ಪ ಅವಳ ತವರು. ಸಾಗರದ ಪೋಸ್ಟಾಫೀಸಿನಲ್ಲಿ ಗುಮಾಸ್ತನಾಗಿದ್ದ ಹುಡುಗನೊಬ್ಬ ಅವಳನ್ನು ನೋಡಲು ಬರುವವನಿದ್ದ. ಅದಕ್ಕೆಂದೇ ಅವನು ಜಟ್ಟಿಂಗಪ್ಪನ ಹತ್ತಿರ ಹೊಸ ಪ್ಯಾಂಟು ಹೊಲಿಸಿದ್ದ. ಜಟ್ಟಿಂಗಪ್ಪ ಶಿಸ್ತಿನ ಮನುಷ್ಯ, ಎತ್ತರದ ಶೂ ಹಾಕಿಸಿಯೇ ಅಳತೆ ತೆಗೆದಿದ್ದ. ಪ್ಯಾಂಟು ಶೂವಿನ ಮೇಲೆ ರಾಜನ ಹಾಗೆ ನಿಂತಿತ್ತು. ಆದರೆ ಹೆಣ್ಣಿನ ಮನೆಗೆ ಹೋದರೆ ಶೂ ಜಗುಲಿಯ ಕೆಳಗೇ ಬಿಡಬೇಕೆನ್ನುವುದು ಅಳತೆ ಕೊಟ್ಟವನಿಗೂ ಹೊಳೆಯಲಿಲ್ಲ, ತೆಗೆದವನಿಗೂ ಹೊಳೆಯಲಿಲ್ಲ.

ಶೂ ಬಿಚ್ಚಿದ್ದೇ ಹುಡುಗ ನಾಲ್ಕು ಇಂಚು ಕುಳ್ಳಾದ. ಕಾಲಿಗೆ ನೀರು ಕೊಟ್ಟರು. ನೀರು ಕುಡಿದ ಪ್ಯಾಂಟಿನ ಅಂಚು ಸಗಣಿ ಸಾರಿಸಿದ ನೆಲವನ್ನು ಗುಡಿಸಿಕೊಂಡು ಒಳಗೆ ಬಂತು. ಹೊಸಿಲು ದಾಟುವಾಗ ತನ್ನ ಪ್ಯಾಂಟನ್ನು ತಾನೇ ಮೆಟ್ಟಿ ಅವನು ವರದಾಳ ಅಪ್ಪನ ಎದುರು ಎರಡೂ ಮೊಣಕಾಲೂರಿ ಬಿದ್ದ. ಮನೆಯವರೆಲ್ಲ ಬಾಯಿಗೆ ಸೆರಗು ಹಿಡಿದು ನಕ್ಕರು. ನಗದೆ ಇದ್ದವರು ವರದಾಳ ಅಣ್ಣನ ಹೆಂಡತಿ ಗುತ್ಯಮ್ಮ ಒಬ್ಬರೇ. "ಬಾ ತಮ್ಮಾ, ಇತ್ಲಾಗೆ ಕೂರು" ಎಂದು ಜಗುಲಿಯ ಮೂಲೆಯಲ್ಲಿ ಕೂರಿಸಿ, ಪ್ಯಾಂಟಿನ ಅಂಚನ್ನು ಒಳಗೆ ಮಡಚಿ, ಮನೆಯಲ್ಲಿದ್ದ ಬಿಳಿ ದಾರದಲ್ಲೇ ಕಚ್ಚಾ ಹೊಲಿಗೆ ಹಾಕಿಕೊಟ್ಟಿದ್ದರು.

ಹೊರಡುವಾಗ ಮತ್ತೆ ತೊಂದರೆಯಾಯಿತು. ಮಡಚಿದ ಪ್ಯಾಂಟಿನ ಕೆಳಗೆ ಎತ್ತರದ ಶೂ ಹಾಕಿದರೆ ಕೊಕ್ಕರೆಯ ಹಾಗೆ ಕಾಣುತ್ತದೆ. ಹೊಲಿಗೆ ಬಿಚ್ಚಿದರೆ ಸರಿಹೋಗುತ್ತಿತ್ತು, ಒಂದು ಎಳೆ ಎಳೆದರೆ ಸಾಕಿತ್ತು. ಆದರೆ ಹೊಲಿದುಕೊಟ್ಟವರು ಜಗುಲಿಯ ಮೇಲೇ ನಿಂತಿದ್ದರು. ಹುಡುಗ ಒಂದು ಸಲ ಕಾಲು ನೋಡಿಕೊಂಡ, ಒಂದು ಸಲ ಗುತ್ಯಮ್ಮನನ್ನು ನೋಡಿದ. ಆಮೇಲೆ ಶೂ ಎರಡನ್ನೂ ಕೈಯಲ್ಲಿ ಹಿಡಿದುಕೊಂಡು ಬರಿಗಾಲಲ್ಲಿ ಬಸ್ಸಿನವರೆಗೂ ನಡೆದ. ಕಿಟಕಿಯಿಂದ ಅದನ್ನು ನೋಡಿದ ವರದಾ ಅಪ್ಪ ಕೇಳಿದಾಗ ಆಗಬಹುದು ಎಂದಿದ್ದಳು.

"ನಿರಂಜನಾ, ಕಾರು ತೆಗಿ" ಎಂದಳು ವರದಾ. "ನಿನ್ನಪ್ಪ ಒಂದೋ ಸಾಗರಕ್ಕೆ ಟೈಲರ್ ಹತ್ರ ಹೋಗಿದಾರೆ, ಇಲ್ಲಾ ಸಂಪಿಗೆಕೊಪ್ಪಕ್ಕೆ ಅತ್ತಿಗೆ ಹತ್ರ ಹೋಗಿದಾರೆ. ಪ್ಯಾಂಟು ಗಿಡ್ಡ ಮಾಡ್ಸೋಕೆ."

"ಅಮ್ಮ, ಜಟ್ಟಿಂಗಪ್ಪ ಸತ್ತು ಹದಿನೈದು ವರ್ಷ ಆಯ್ತು."

"ನಂಗೆ ಗೊತ್ತು. ಅವರಿಗೆ ಗೊತ್ತಾ?"

ಗುತ್ಯಮ್ಮನ ಮಗ ಸತೀಶನ ನಂಬರಿಗೆ ನಾಲ್ಕು ಸಲ ಮಾಡಿದರೂ ಸಂಪರ್ಕ ಸಿಗಲಿಲ್ಲ. ಆ ಕಡೆ ಗುಡ್ಡ ಹತ್ತಿದರೆ ಮಾತ್ರ ಸಿಗ್ನಲ್ಲು. ಲಿಖಿತಾಳನ್ನು ಮನೆಯಲ್ಲಿ ಬಿಟ್ಟು ಇಬ್ಬರೂ ಹೊರಟಾಗ ಎರಡೂಕಾಲು. ವಾಸಪ್ಪ ಬೆಳಿಗ್ಗೆ ನುಂಗಬೇಕಾಗಿದ್ದ ಬಿಪಿ ಮಾತ್ರೆ ಅವಳ ಸೆರಗಿನ ಗಂಟಿನಲ್ಲಿತ್ತು. ದಾರಿಯುದ್ದಕ್ಕೂ ಅದನ್ನು ಮುಟ್ಟಿ ನೋಡಿಕೊಳ್ಳುತ್ತಿದ್ದಳು. ರಸ್ತೆಯ ಪಕ್ಕ ಪಂಚೆ ಉಟ್ಟವರು ಯಾರು ಕಂಡರೂ ಕಣ್ಣು ಅತ್ತ ಹೋಗುತ್ತಿತ್ತು. ಪಂಚೆಯಲ್ಲ, ಪಂಚೆಯಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಇಷ್ಟು ವರ್ಷ ತಾನು ಮುಖ ನೋಡದೆ ಬರೀ ಪಂಚೆಯನ್ನೇ ಗಂಡ ಎಂದುಕೊಂಡು ಬಂದೆನೋ ಏನೋ ಎನ್ನಿಸಿ ಕಿಟಕಿಯ ಕಡೆ ತಿರುಗಿದಳು.

ಅರ್ಧ ದಾರಿಯಲ್ಲಿ ಶ್ಯಾಮಲಾಳ ಫೋನ್ ಬಂತು.

"ಅಮ್ಮ, ಈ ಸಲ ಕೂಡಲೇ ಗೊತ್ತಾಯ್ತು. ಹತ್ತೂವರೆಯ ಸಾಗರದ ಬಸ್ಸಿನ ಕಂಡಕ್ಟರು ನೋಡಿದಾರೆ. ಲೈನಿನಲ್ಲಿದಾರೆ, ಮಾತಾಡಿ."

ಕಂಡಕ್ಟರನ ದನಿ ಬಸ್ಸಿನ ಗದ್ದಲದ ನಡುವೆ ಒಡೆದು ಒಡೆದು ಬಂತು. "ಅಗಲ ಪ್ಯಾಂಟಿನ ಅಜ್ಜ ಅಲ್ವಾ ಅಮ್ಮ? ಸಾಗರಕ್ಕೆ ಟಿಕೆಟ್ ತಗೊಂಡಿದ್ರು. ಹಿಂದಿನ ಸೀಟಿನ ಹುಡುಗರು ನಗಾಡ್ತಾ ಇದ್ರು, ನಾನು ಮುಂದೆ ನನ್ನ ಸೀಟಲ್ಲೇ ಕೂರಿಸ್ಕೊಂಡೆ. ಆದ್ರೆ ಸಂಪಿಗೆಕೊಪ್ಪದ ಸ್ಟಾಪಲ್ಲಿ ಎದ್ದುಬಿಟ್ರು. ಇಲ್ಲೇ ಇಳೀಬೇಕು, ಇಲ್ಲೇ ಅಂತ. ಪ್ಯಾಂಟು ಮೆಟ್ಟಿಲಿಗೆ ಸಿಕ್ಕಿಹಾಕಿಕೊಳ್ತಿತ್ತು, ಕೈ ಹಿಡಿದು ಇಳಿಸಿದೆ. ಮನೆಯವರಿಗೆ ಗೊತ್ತಿದೆ ಅಂದ್ಕೊಂಡೆ ಅಮ್ಮ. ಹನ್ನೆರಡರ ಸುಮಾರು."

"ನಿಮ್ಮ ಕೈ ತಣ್ಣಗಿರ್ಲಿ ಮಾರಾಯ್ರೆ" ಎಂದಳು ವರದಾ. ಆದರೆ ಭಯ ಹೋಗಲಿಲ್ಲ, ಜಾಗ ಬದಲಾಯಿಸಿತು ಅಷ್ಟೆ. ಹನ್ನೆರಡಕ್ಕೆ ಇಳಿದಿದ್ದರೆ ಮೂರು ಗಂಟೆ ಹೊತ್ತು ಎಲ್ಲಿದ್ದಾರೆ? ಸ್ಟಾಪಿನಿಂದ ಮನೆಗೆ ಈಗ ಡಾಂಬರು ರಸ್ತೆಯಿದೆ, ಹಳ್ಳಕ್ಕೆ ಸಿಮೆಂಟಿನ ಸೇತುವೆಯಿದೆ. ವಾಸಪ್ಪನ ಮನಸ್ಸು ಹೋಗಿ ನಿಂತ ವರ್ಷದಲ್ಲಿ ಅವೆರಡೂ ಇರಲಿಲ್ಲ. ಆಗ ಇದ್ದದ್ದು ಕಾಡಿನ ಕಾಲುದಾರಿ. ಅದರ ಕೊನೆಗೆ ಹಳ್ಳಕ್ಕೆ ಅಡ್ಡವಾಗಿ ಎರಡು ಮರದ ದಿಮ್ಮಿ ಹಾಕಿದ ಕಾಲುಸಂಕ.

ಸ್ಟಾಪಿನ ಗೂಡಂಗಡಿಯ ಹೆಂಗಸು ಕೇಳುವ ಮುಂಚೆಯೇ ಕೈ ತೋರಿಸಿದಳು. "ಪ್ಯಾಂಟು ಎಳ್ಕೊಂಡು ಹೋದ ಅಜ್ಜನ್ನ ಹುಡುಕ್ತಿದೀರಾ? ಈ ಹಳೇ ದಾರೀಲಿ ಇಳಿದ್ರು. ರಸ್ತೆ ಮೇಲೆ ಹೋಗಿ ಅಂದೆ, ಕೇಳ್ಳಿಲ್ಲ."

ನಿರಂಜನ ಕಾರನ್ನು ಅಲ್ಲೇ ಬಿಟ್ಟು ಅಮ್ಮನ ಕೈ ಹಿಡಿದ. ಹಳೆಯ ದಾರಿಯ ತುಂಬ ತರಗೆಲೆ. ತರಗೆಲೆಯ ಮೇಲೆ ಎರಡು ಅಗಲವಾದ ಗೆರೆಗಳು ಉದ್ದಕ್ಕೂ ಸಾಗಿದ್ದವು, ಯಾರೋ ಅಡಿಕೆ ಹಾಳೆ ಎಳೆದುಕೊಂಡು ಹೋದ ಹಾಗೆ. ಆ ಗೆರೆಗಳನ್ನು ನೋಡುತ್ತ ವರದಾ ಇಳಿದಳು. ಒಂದು ಕಡೆ ಗೆರೆ ನಿಂತು ಎಲೆಗಳೆಲ್ಲ ಚೆದುರಿದ್ದವು. ಅಲ್ಲಿ ಬಿದ್ದಿದ್ದಾರೆ. ಮತ್ತೆ ಮುಂದೆ ಗೆರೆ ಶುರುವಾಗಿತ್ತು. ಅಲ್ಲಿಂದ ಎದ್ದಿದ್ದಾರೆ.

ಕಾಲುಸಂಕದ ಈಚೆ ದಡದಲ್ಲಿ ಅವರ ಹವಾಯಿ ಚಪ್ಪಲಿಗಳಿದ್ದವು.

ನಿರಂಜನ ಅವಳ ಕೈ ಬಿಟ್ಟು ಹಳ್ಳಕ್ಕೆ ಇಳಿದೇಬಿಟ್ಟ. ಬೇಸಗೆ ಹತ್ತಿರವಾಗಿದ್ದರಿಂದ ನೀರು ಮೊಣಕಾಲಷ್ಟೇ ಇತ್ತು, ಆದರೆ ಬಂಡೆಗಳು ಹಲ್ಲು ತೆರೆದು ಕೂತಿದ್ದವು. ಅವನು ದಿಮ್ಮಿಯ ಕೆಳಗೆ ಬಗ್ಗಿ ನೋಡಿದ, ಮಡುವಿನ ಕಡೆ ನೋಡಿದ. ವರದಾ ನೀರು ನೋಡಲಿಲ್ಲ. ಅವಳ ಕಣ್ಣು ಚಪ್ಪಲಿಗಳ ಮೇಲಿತ್ತು. ಅವು ಚೆಲ್ಲಾಪಿಲ್ಲಿಯಾಗಿ ಬಿದ್ದಿರಲಿಲ್ಲ. ಜಗುಲಿಯ ಕೆಳಗೆ ಬಿಡುವ ಹಾಗೆ ಒಂದರ ಪಕ್ಕ ಒಂದು, ಮೂತಿ ಹೊರಗೆ ಮಾಡಿ, ಜೋಡಿಸಿಟ್ಟಿದ್ದರು. ಬೀಳುವವರು ಹೀಗೆ ಜೋಡಿಸಿಡುವುದಿಲ್ಲ. ದಾಟುವವರು ಇಡುತ್ತಾರೆ.

"ಮೇಲೆ ಬಾ ನಿರಂಜನಾ. ದಾಟಿದಾರೆ" ಎಂದಳು.

ಹೇಳಿದಳು ನಿಜ, ಆದರೆ ಚಪ್ಪಲಿಗಳನ್ನು ಎತ್ತಿಕೊಂಡು ಸಂಕ ದಾಟಿ ಗದ್ದೆಯ ಬದು ಹಿಡಿದು ನಡೆಯುವಷ್ಟು ಹೊತ್ತೂ ತಿರುಗಿ ತಿರುಗಿ ಹಳ್ಳದ ಕಡೆ ನೋಡುತ್ತಲೇ ಇದ್ದಳು.

ಜಗುಲಿಯ ಮೂಲೆಯಲ್ಲಿ ವಾಸಪ್ಪ ಕಾಲು ಇಳಿಬಿಟ್ಟು ಕೂತಿದ್ದರು. ಪಕ್ಕದಲ್ಲಿ ಖಾಲಿ ಕಾಫಿ ಲೋಟ, ಅರ್ಧ ಬಾಳೆಹಣ್ಣು. ಕೆಳಗಿನ ಮೆಟ್ಟಿಲಿನ ಮೇಲೆ ಗುತ್ಯಮ್ಮ ಅವರ ಬಲಗಾಲನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು, ಕನ್ನಡಕ ಮೂಗಿನ ತುದಿಗೆ ಇಳಿಸಿ, ಪ್ಯಾಂಟಿನ ಅಂಚಿಗೆ ಹೊಲಿಗೆ ಹಾಕುತ್ತಿದ್ದರು. ಎಡಗಾಲಿನದು ಮುಗಿದಿತ್ತು.

"ಬಂದ್ಯಾ" ಎಂದರು ಗುತ್ಯಮ್ಮ, ತಲೆ ಎತ್ತದೆ. "ಸತೀಶ ಅಡಿಕೆ ಮಂಡಿಗೆ ಹೋಗಿದಾನೆ, ಬಂದ ಕೂಡ್ಲೆ ಗುಡ್ಡ ಹತ್ಸಿ ಫೋನ್ ಮಾಡ್ಸಾಣ ಅಂತ ಕಾಯ್ತಿದ್ದೆ. ಇವರನ್ನ ಬಿಟ್ಟು ನಾ ಹೋಗೋ ಹಾಗಿರ್ಲಿಲ್ಲ ನೋಡು."

"ಯಾವಾಗ ಬಂದ್ರು ಅತ್ತಿಗೆ? ಏನಂದ್ರು?"

"ಮಧ್ಯಾಹ್ನ. ಪ್ಯಾಂಟು ಉದ್ದ ಆಗಿದೆ ಅಕ್ಕಾ ಅಂದ್ರು. ಕೂರು ತಮ್ಮಾ ಅಂದೆ. ಊಟ ಹಾಕ್ದ್ರೆ ನಾಚ್ಕೊಂಡು ಊಟ ಮಾಡಿದ್ರು. ಈ ಹಾಳು ಜಿಪ್ಪಿಗೆ ತಾಗಿ ಎರಡು ಸೂಜಿ ಮುರೀತು ಮಾರಾಯ್ತಿ. ಕಣ್ಣೂ ಕಾಣ್ಸಲ್ಲ ಈಗ. ಅವತ್ತು ಹತ್ತು ನಿಮಿಷಕ್ಕೆ ಹಾಕಿದ್ನಾ ಇಲ್ವಾ?"

"ಹತ್ತು ನಿಮಿಷಕ್ಕೇ ಮುಗಿಸೋಕೆ ಇದೇನು ಪರೀಕ್ಷೆನಾ ಅತ್ತೆ" ಎಂದು ನಿರಂಜನ ನಗಲು ಹೋಗಿ ನಗಲಾರದೆ, ಜಗುಲಿಯ ಕಂಬಕ್ಕೆ ಒರಗಿ ಮುಖ ಒರೆಸಿಕೊಂಡ.

ವರದಾ ಗಂಡನ ಪಕ್ಕ ಕೂತಳು. ಹಳದಿ ಅಂಗಿಯ ಗುಂಡಿಗಳು ಒಂದು ಮನೆ ತಪ್ಪಿ ಕೂತಿದ್ದವು. ಅಂಗೈ ತರಚಿತ್ತು, ಗುತ್ಯಮ್ಮ ಆಗಲೇ ಅರಿಶಿನ ಹಚ್ಚಿದ್ದರು. ಸೆರಗಿನ ಗಂಟು ಬಿಚ್ಚಿ ಮಾತ್ರೆ ಕೊಟ್ಟಳು. ವಾಸಪ್ಪ ಅದನ್ನು ನುಂಗಿ ನೀರು ಕುಡಿದು, ಅವಳನ್ನು ಗುರುತು ಸಿಕ್ಕಂತೆಯೂ ಸಿಗದಂತೆಯೂ ನೋಡಿದರು. ನೋಡಿ, "ತಡ ಆಯ್ತಾ?" ಎಂದು ಕೇಳಿದರು. ಯಾರಿಗೆ ತಡವಾಯಿತು, ಯಾವುದಕ್ಕೆ ತಡವಾಯಿತು ಎಂದು ಹೇಳಲಿಲ್ಲ.

"ಇಲ್ಲ. ಹೊತ್ತಿದೆ" ಎಂದಳು ವರದಾ.

ಗುತ್ಯಮ್ಮ ದಾರವನ್ನು ಹಲ್ಲಿನಿಂದ ಕಚ್ಚಿ ತುಂಡು ಮಾಡಿ, ಪ್ಯಾಂಟಿನ ಮೇಲೆ ಒಮ್ಮೆ ಕೈಯಾಡಿಸಿದರು. ಈ ಸಲವೂ ಬಿಳಿ ದಾರ. ಹೊಲಿಗೆ ಅಲ್ಲಲ್ಲಿ ಸೊಟ್ಟಗಾಗಿತ್ತು. ನಿರಂಜನ ರಸ್ತೆಯ ಮೇಲಿಂದ ಸುತ್ತಿ ಕಾರು ತಂದ. ವರದಾ ಚಪ್ಪಲಿಗಳನ್ನು ವಾಸಪ್ಪನ ಕಾಲಿನ ಮುಂದೆ ಇಟ್ಟಳು. ಅವರು ಚಪ್ಪಲಿ ನೋಡಿದರು. ಜಗುಲಿಯ ಮೇಲೆ ನಿಂತಿದ್ದ ಗುತ್ಯಮ್ಮನನ್ನು ನೋಡಿದರು. ಆಮೇಲೆ ಬಗ್ಗಿ ಚಪ್ಪಲಿಗಳನ್ನು ಕೈಗೆತ್ತಿಕೊಂಡು ಬರಿಗಾಲಲ್ಲಿ ಅಂಗಳಕ್ಕೆ ಇಳಿದರು.

"ಅಪ್ಪ, ಕಲ್ಲು ಚುಚ್ಚುತ್ತೆ, ಹಾಕ್ಕೊ" ಎಂದ ನಿರಂಜನ.

"ಬಿಡು ಮಗಾ" ಎಂದಳು ವರದಾ.

ಗುಡ್ಡದ ತಿರುವಿನಲ್ಲಿ ಸಿಗ್ನಲ್ಲು ಬಂದ ಕೂಡಲೇ ಶ್ಯಾಮಲಾಳಿಗೆ ಫೋನ್ ಮಾಡಿದಳು. ಸಿಕ್ಕಿದರು ಎಂದಳು. ಆ ಹುಡುಗಿ ಮೊದಲು, "ಊಟ ಮಾಡಿದ್ರಂತಾ ಅಮ್ಮ? ನೀವು ಮಾಡಿದ್ರಾ?" ಎಂದು ಕೇಳಿದಳು. ಬೆಳಿಗ್ಗೆಯಿಂದ ವರದಾಳನ್ನು ಯಾರೂ ಅದನ್ನು ಕೇಳಿರಲಿಲ್ಲ.

"ಒಂದು ಬರ್ಕೊಬೇಕು ಅಮ್ಮ. ಸಿಕ್ಕಾಗ ಏನು ಹಾಕಿದ್ರು ಅಂತ. ಪಂಚೆ ಅಂತ ಬರ್ದಿದ್ದನ್ನ ಹೊಡೆದು ಹಾಕ್ತೀನಿ."

"ತಡಿ, ನೋಡಿ ಹೇಳ್ತೀನಿ" ಎಂದು ವರದಾ ಸೀಟಿನಲ್ಲಿ ಪೂರ್ತಿ ತಿರುಗಿ ಕೂತಳು. ಸಂಜೆಯ ಬಿಸಿಲು ಗಂಡನ ಮುಖದ ಮೇಲಿತ್ತು. ಎಡಗಡೆಯ ಹುಬ್ಬಿನಲ್ಲಿ ಎರಡು ಕೂದಲು ಮಾತ್ರ ಇನ್ನೂ ಕಪ್ಪಾಗಿದ್ದವು. ಅವಳು ಮೇಲಿನಿಂದ ಶುರುಮಾಡಿದಳು. "ಹಳದಿ ಅಂಗಿ. ಗುಂಡಿ ಒಂದು ಮನೆ ಆಚೀಚೆ ಆಗಿದೆ. ಕಾಫಿಪುಡಿ ಬಣ್ಣದ ಪ್ಯಾಂಟು, ಮೊಣಕಾಲಲ್ಲಿ ಮಣ್ಣು. ಕೆಳಗೆ ಮಡಚಿ ಬಿಳಿ ದಾರದಲ್ಲಿ ಹೊಲಿದಿದೆ."

"ಕಾಲಿಗೆ ಅಮ್ಮ?"

"ಕಾಲಿಗೆ ಏನೂ ಇಲ್ಲ. ಚಪ್ಪಲಿ ಕೈಯಲ್ಲಿದೆ."